ಬಾಣಾವರ ಸ್ಟೇಷನ್ ಮುಚ್ಚಿದ ಆದೇಶ

ನಮ್ಮ ಮನೆಯ ರೈಲುಗಳು ತಡವಾಗಿ ಓಡುತ್ತಿವೆ ಎಂದು ಲೆಕ್ಕ ಹಾಕಿ ತೋರಿಸಿದವಳು ನಾನು. ೨೦೦೪ರ ಮಾರ್ಚ್, ಏಪ್ರಿಲ್, ಮೇ ತಿಂಗಳ ಬುಧವಾರ, ಭಾನುವಾರಗಳಲ್ಲಿ ಒಟ್ಟು ಇಪ್ಪತ್ತಾರು ದಿನ ಗಾಡಿಗಳು ಓಡಿದ್ದವು. ದಿನಕ್ಕೆ ಸರಾಸರಿ ನಲವತ್ತೊಂದು ನಿಮಿಷ ತಡ. ಹಳಿ ತಪ್ಪಿದ್ದರಿಂದ ಆರು ನಿಮಿಷ, ಹಳಿಯ ಮೇಲೆ ಧೂಳು ಕೂತು ಎಂಜಿನ್ ನಿಂತಿದ್ದರಿಂದ ನಾಲ್ಕು, ಕರೆಂಟ್ ಹೋಗಿದ್ದರಿಂದ ಏಳು. ಉಳಿದ ಇಪ್ಪತ್ತನಾಲ್ಕು ನಿಮಿಷಕ್ಕೆ ಕಾರಣ ಬಾಣಾವರದ ತಾತ.

ರೈಲು ಎಂದರೆ ಮಾದರಿ ರೈಲು. ಎಂಜಿನ್ ಗೇಣುದ್ದ, ಹಳಿಯ ಅಗಲ ಎರಡು ಬೆರಳಿಗಿಂತ ಕಮ್ಮಿ. ನಮ್ಮ ತಾತ ಅರಸೀಕೆರೆ ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತರಾದವರು. ಹಳೇಬೀಡಿನಲ್ಲಿ ಗೈಡ್ ಆಗಿದ್ದ ನನ್ನ ಸೋದರಮಾವ ಒಮ್ಮೆ ಒಬ್ಬ ವಿದೇಶಿ ಮುದುಕನನ್ನು ಮನೆಗೆ ಕರೆತಂದಿದ್ದರು. ಆತನಿಗೆ ದೇವಸ್ಥಾನದ ಕೆತ್ತನೆಗಿಂತ ಅರಸೀಕೆರೆಯ ಹೊಗೆ ಎಂಜಿನ್ನುಗಳ ಮೇಲೆ ಹೆಚ್ಚು ಪ್ರೀತಿ. ತಾತ ಎರಡು ದಿನ ಯಾರ್ಡನ್ನೆಲ್ಲ ಸುತ್ತಿಸಿ ತೋರಿಸಿದರು. ಆತ ಊರಿಗೆ ಹೋದವನು ಒಂದು ಪೆಟ್ಟಿಗೆ ಕಳಿಸಿದ: ಎರಡು ಎಂಜಿನ್, ಐದು ಬೋಗಿ, ಆರು ವ್ಯಾಗನ್, ಒಂದಿಷ್ಟು ಹಳಿ. ಆಮೇಲೆ ವರ್ಷಕ್ಕೊಮ್ಮೆ ಇನ್ನಷ್ಟು ಹಳಿ. ಅಷ್ಟರಲ್ಲಿ ಊರಿನ ನಿಜವಾದ ಮೀಟರ್ ಗೇಜ್ ಹಳಿಗಳನ್ನು ಕಿತ್ತು ಬ್ರಾಡ್ ಗೇಜ್ ಹಾಕಿದರು. ಸರ್ಕಾರ ಅಲ್ಲಿ ಕಿತ್ತಂತೆಲ್ಲ ತಾತ ಇಲ್ಲಿ ಹಾಕುತ್ತ ಹೋದರು.

ಹಜಾರದ ಎರಡು ಹಲಗೆಗಳ ಮೇಲೆ ಅರಸೀಕೆರೆ. ಒಳಗಿನ ಕೋಣೆಯ ಮೇಜಿನ ಮೇಲೆ ಬಾಣಾವರ. ನಡುವಿನ ಗೋಡೆಯಲ್ಲಿ ಒಂದು ತೂತು, ಅದರ ಮೂಲಕ ಒಂಟಿ ಹಳಿ. ಹಲಗೆಗಳಿಗೂ ಮೇಜಿಗೂ ಆಧಾರ ಕಲ್ಲಿನ ಆನೆಗಳು. ಹಳೇಬೀಡಿನಲ್ಲಿ ಪ್ರವಾಸಿಗರಿಗೆ ಮಾರುವ ಬಳಪದ ಕಲ್ಲಿನ ಆನೆಗಳಲ್ಲಿ ಸೊಂಡಿಲು ಮುರಿದವನ್ನು ಮಾವ ತಂದುಕೊಡುತ್ತಿದ್ದರು. ಒಟ್ಟು ಹತ್ತೊಂಬತ್ತು. ಹೊಯ್ಸಳರ ದೇವಸ್ಥಾನಗಳನ್ನೂ ಆನೆಗಳೇ ಹೊತ್ತಿವೆ, ನಿಮ್ಮ ತಾತಂದೇನು ಹೆಚ್ಚುಗಾರಿಕೆ ಎಂದು ಮಾವ ಹೇಳುತ್ತಿದ್ದರು. ತೂತನ್ನು ತಾತ ಉಳಿ ಸುತ್ತಿಗೆ ಹಿಡಿದು ತಾವೇ ಕೊರೆದದ್ದು. ಎಲ್ಲವನ್ನೂ ಹಜಾರದಲ್ಲೇ ಹಾಕಬಹುದಿತ್ತಲ್ಲ ಎಂದು ಅಮ್ಮ ಕೇಳಿದ್ದಕ್ಕೆ, "ಒಂದು ಸ್ಟೇಷನ್ನಿಂದ ಇನ್ನೊಂದು ಸ್ಟೇಷನ್ ಕಾಣೋ ಹಾಗಿದ್ರೆ ಇಬ್ಬರು ಮಾಸ್ಟರು ಯಾಕಮ್ಮ ಬೇಕು" ಎಂದಿದ್ದರು. ಆ ಮಾತು ಮುಂದೆ ನನಗೇ ತಿರುಗಿ ಬಂತು.

ಇಬ್ಬರು ಮಾಸ್ಟರು ಬೇಕೇ ಬೇಕಾಗಿತ್ತು. ಎರಡನೆಯವರೇ ಬಾಣಾವರದ ತಾತ. ನಮಗೆ ನೆಂಟರಲ್ಲ, ಬಾಣಾವರ ಸ್ಟೇಷನ್ನಿನಲ್ಲಿ ಮಾಸ್ಟರಾಗಿದ್ದವರು, ತಾತನ ಜೊತೆ ವರ್ಷಗಟ್ಟಲೆ ಫೋನಿನಲ್ಲಿ ಮಾತಾಡಿದವರು. ಈಗ ಬುಧವಾರ, ಭಾನುವಾರ ಮಧ್ಯಾಹ್ನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಕೈಚೀಲದಲ್ಲಿ ಒಂದು ರಿಜಿಸ್ಟರು, ಟಾರ್ಚು, ಕನ್ನಡಕದ ಡಬ್ಬಿ, ಹಸಿರು ಬಾವುಟ. ಚಪ್ಪಲಿ ಬಿಡುವವರೆಗೆ ಇಬ್ಬರೂ "ಏನಯ್ಯ", "ಏನ್ಲಾ". ಒಳಗೆ ಹೋಗಿ ಅವರವರ ಕುರ್ಚಿಯಲ್ಲಿ ಕೂತ ಮೇಲೆ "ಮಾಸ್ಟರೇ", "ತಾವು".

ಗಾಡಿ ಬಿಡುವ ಕ್ರಮ ಹೀಗೆ. ತಾತ ಗಂಟೆ ಒತ್ತಿ ಲೈನ್ ಕ್ಲಿಯರ್ ಕೇಳಬೇಕು, ಅಂದರೆ ನಡುವಿನ ಒಂಟಿ ಹಳಿ ಖಾಲಿ ಇದೆಯೇ, ಗಾಡಿ ಕಳಿಸಲೇ ಎಂದು. ಬಾಣಾವರದ ತಾತ ಎದ್ದು, ಬಗ್ಗಿ, ಗೋಡೆಯ ತೂತಿನೊಳಗೆ ಟಾರ್ಚು ಬಿಟ್ಟು ನೋಡಬೇಕು. ಕೂತು ಕನ್ನಡಕ ಹಾಕಿಕೊಳ್ಳಬೇಕು. ತಮ್ಮ ಹಾಳೆಯಲ್ಲಿರುವ ಗುಪ್ತ ಸಂಖ್ಯೆಗಳಲ್ಲಿ ಮುಂದಿನದನ್ನು ಓದಿ ಹೇಳಬೇಕು. "ಕೊಟ್ಟಿದೆ. ನಂಬರ್ ನಲವತ್ತೇಳು." ತಾತ ಅದನ್ನು ಬರೆದುಕೊಂಡ ಮೇಲೇ ಗಾಡಿ. ಸಂಖ್ಯೆ ಇಲ್ಲದೆ ಗಾಡಿ ಬಿಟ್ಟವನ ಕೆಲಸ ಹೋಗುತ್ತದೆ ಎಂಬುದು ಇಬ್ಬರ ರಕ್ತದಲ್ಲಿತ್ತು. ಕೆಲಸ ಹೋಗಿ ಇಬ್ಬರಿಗೂ ಹನ್ನೆರಡು ವರ್ಷ ಆಗಿತ್ತು.

ಗೂಡ್ಸ್ ಗಾಡಿಯಲ್ಲಿ ಸರಕು ಕೂಡ ಇರುತ್ತಿತ್ತು. ಅಮ್ಮ ವ್ಯಾಗನ್ನುಗಳಲ್ಲಿ ಕೊಬ್ಬರಿ ಚೂರು, ಬೆಲ್ಲ ತುಂಬುತ್ತಿದ್ದರು. ಆ ಗಾಡಿಗೆ ಮಾತ್ರ ಬಾಣಾವರದಿಂದ ಲೈನ್ ಕ್ಲಿಯರ್ ಸರಾಸರಿ ಒಂದು ನಿಮಿಷದೊಳಗೆ ಸಿಗುತ್ತಿತ್ತು ಎಂದು ನನ್ನ ಡೈರಿಯಲ್ಲಿದೆ.

ಮೇ ತಿಂಗಳ ಕೊನೆಯ ಶನಿವಾರ ಮಾವ ಹಳೇಬೀಡಿನಿಂದ ಒಂದು ಪೆಟ್ಟಿಗೆ ತಂದರು. ಆ ವಿದೇಶಿ ಮುದುಕ ಬೇಲೂರು, ಹಳೇಬೀಡು ಮತ್ತೊಮ್ಮೆ ನೋಡಲು ಬಂದವನು ಕೊಟ್ಟುಹೋಗಿದ್ದ. ತಾನು ಬಳಸಿ ಬಿಟ್ಟ ಡಿಜಿಟಲ್ ಸೆಟ್: ಒಂದು ಪವರ್ ಪೆಟ್ಟಿಗೆ, ತಂತಿಯಿರುವ ಒಂದು ಹ್ಯಾಂಡ್‌ಸೆಟ್, ಅದನ್ನು ಚುಚ್ಚಲು ಎರಡು ಸಾಕೆಟ್, ಉಗುರಿನಷ್ಟು ಅಗಲದ ಮೂರು ಚಿಪ್.

ಡಿಪ್ಲೊಮಾದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ನನಗೆ ಅದು ಅರ್ಧ ಗಂಟೆಯಲ್ಲಿ ಅರ್ಥವಾಯಿತು. ಹಳೆಯ ಪದ್ಧತಿಯಲ್ಲಿ ಹಳಿಗೆ ಕರೆಂಟು ಕೊಟ್ಟರೆ ಅದರ ಮೇಲಿರುವ ಎಂಜಿನ್ನುಗಳೆಲ್ಲ ಒಟ್ಟಿಗೆ ಓಡುತ್ತವೆ. ಅದಕ್ಕೇ ಹಳಿಯನ್ನು ಏಳು ತುಂಡು ಮಾಡಿ, ಒಂದೊಂದಕ್ಕೂ ಸ್ವಿಚ್ಚು ಹಾಕಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಕೂರಬೇಕಾಗಿತ್ತು. ಹೊಸ ಪದ್ಧತಿಯಲ್ಲಿ ಹಳಿಗೆಲ್ಲ ಯಾವಾಗಲೂ ಕರೆಂಟು ಇರುತ್ತದೆ, ಅದರ ಜೊತೆಗೇ ಆಜ್ಞೆಯೂ ಹೋಗುತ್ತದೆ. ಎಂಜಿನ್ನಿನ ಹೊಟ್ಟೆಯಲ್ಲಿರುವ ಚಿಪ್ ತನ್ನ ನಂಬರಿಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ.

"ಒಬ್ಬನೇ ಕೂತು ಎಲ್ಲ ಗಾಡೀನೂ ಓಡಿಸಬಹುದಂತೆ" ಎಂದರು ಮಾವ. ಅವರು ಅದನ್ನು ಒಳ್ಳೆಯ ಸುದ್ದಿಯೆಂದೇ ಹೇಳಿದರು.

ಮರುದಿನ ಗಾಡಿಗಳೆಲ್ಲ ಓಡಿ ಮುಗಿದು ಬಾಣಾವರದ ತಾತ ಬಸ್ಸು ಹತ್ತಿದ ಮೇಲೆ ನಾನು ತಡದ ಪಟ್ಟಿಯನ್ನು ತಾತನ ಮುಂದಿಟ್ಟೆ. ಒಂದೊಂದು ನಿಮಿಷದ ತಡಕ್ಕೂ ಮೇಲಿನ ಆಫೀಸಿಗೆ ವಿವರಣೆ ಬರೆದು ಬದುಕಿದವರು ತಾತ. ಯಾರ ಮಾತಿಗೂ ಬಗ್ಗದ ಅವರು ತಡದ ಪಟ್ಟಿಯ ಮುಂದೆ ಮಾತ್ರ ಬಗ್ಗುತ್ತಿದ್ದರು. ನಾನದನ್ನು ಆಗ ತಿಳಿದು ಮಾಡಲಿಲ್ಲ. ಈಗ ನೋಡಿದರೆ ತಿಳಿದೇ ಮಾಡಿದ ಹಾಗಿದೆ.

"ಇಪ್ಪತ್ನಾಲ್ಕು ನಿಮಿಷ ಬಾಣಾವರದ್ದಾ?" ಎಂದರು.

"ಹೌದು ತಾತ. ಸರಾಸರಿ."

ತಾತ ಪೆನ್ನು ತೆಗೆದರು. "ಅವನು ಸರ್ವೀಸಿನಲ್ಲಿದ್ದಾಗಲೂ ಹಿಂಗೇ" ಎಂದು, ಪಟ್ಟಿಯ ಕೆಳಗೆ 'ನೋಡಿದ್ದೇನೆ' ಎಂದು ಸಹಿ ಹಾಕಿದರು.

ಜೂನ್ ಎರಡನೇ ತಾರೀಖು ಆದೇಶವನ್ನು ನಾನೇ ಬರೆದೆ. 'ಮನೆಯ ರೈಲುಮಾರ್ಗವನ್ನು ಡಿಜಿಟಲ್ ಪದ್ಧತಿಗೆ ಬದಲಾಯಿಸುತ್ತಿರುವುದರಿಂದ ಬಾಣಾವರ ಸ್ಟೇಷನ್ನಿನ ಸಿಬ್ಬಂದಿಯ ಅಗತ್ಯ ಇರುವುದಿಲ್ಲ. ಸದರಿ ಸ್ಟೇಷನ್ನನ್ನು ಮುಚ್ಚಲಾಗಿದೆ.' ಭಾಷೆ ಚೆನ್ನಾಗಿದೆ ಎಂದು ತಾತ ಮೆಚ್ಚಿ ರುಜು ಮಾಡಿದರು. ಬಾಣಾವರದ ತಾತ ಅದನ್ನು ಎರಡು ಸಲ ಓದಿದರು. ಕೆಳಗೆ 'ಓದಿ ತಿಳಿದಿದ್ದೇನೆ' ಎಂದು ಬರೆದು, ಹೊತ್ತು ಹಾಕಿ ರುಜು ಮಾಡಿದರು.

"ಭಾನುವಾರ ಬತ್ತೀನಿ" ಎಂದರು.

"ಭಾನುವಾರ ಕೆಲಸ ಇಲ್ವಲ್ಲ ತಾತ" ಎಂದೆ.

"ಚಾರ್ಜ್ ಕೊಡಬೇಕಲ್ಲವ್ವ. ಹಂಗೇ ಎದ್ದು ಹೋಗಕ್ಕಾಯ್ತದಾ?"

ಭಾನುವಾರ ಬಂದು ಚಾರ್ಜ್ ಕೊಟ್ಟರು. ಮೇಜು ಒಂದು, ಕುರ್ಚಿ ಒಂದು, ಗಂಟೆ ಒಂದು, ಸ್ವಿಚ್ಚು ಮೂರು, ಗುಪ್ತ ಸಂಖ್ಯೆಯ ಹಾಳೆ ಒಂದು (ಅರ್ಧ ಬಳಸಿದ್ದು), ಸೊಂಡಿಲಿಲ್ಲದ ಆನೆ ಎಂಟು. ಪಟ್ಟಿಗೆ ಎರಡು ಪ್ರತಿ. ನಾನು ಎಣಿಸಿದಾಗ ಆನೆ ಒಂಬತ್ತು ಇತ್ತು. ಅವರು ತಿದ್ದಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು.

ಅವರು ಹೋದ ಮೇಲೆ ಅಮ್ಮ ಅಡುಗೆಮನೆಯಿಂದಲೇ ಹೇಳಿದರು. "ಅವರು ಮನೇಲಿ ಡ್ಯೂಟಿಗೆ ಹೋಗ್ತೀನಿ ಅಂತಲೇ ಹೇಳಿ ಬರೋದಂತೆ ಕಣೇ. ಸೊಸೆ ಬುತ್ತಿ ಕಟ್ಟಿ ಕಳಿಸ್ತಾಳೆ. ಇನ್ಮೇಲೆ ಏನ್ ಹೇಳ್ತೀರಿ ಅಂದೆ. ಇನ್ನೂ ಹೇಳಿಲ್ಲ ಅಂದ್ರು."

ಇದಕ್ಕೆ ನನ್ನ ಪಟ್ಟಿಯಲ್ಲಿ ಕಾಲಮ್ಮು ಇರಲಿಲ್ಲ. ಡೈರಿಯಲ್ಲಿ ಬರೆದುಕೊಂಡೆ, ಕೆಲಸ ಶುರು ಮಾಡಿದೆ.

ಎರಡು ವಾರ ಹಿಡಿಯಿತು. ಎರಡೂ ಕಡೆ ಸೇರಿ ಏಳು ಸ್ವಿಚ್ಚು ತೆಗೆದೆ. ಅರವತ್ತು ಮೀಟರಿನಷ್ಟು ತಂತಿ ಕಿತ್ತೆ, ಅದರ ಜಾಗದಲ್ಲಿ ಎರಡೇ ತಂತಿ ಎಳೆದೆ. ತುಂಡು ಮಾಡಿದ್ದ ಹಳಿಗಳನ್ನು ಮತ್ತೆ ಬೆಸೆದೆ. ಎಂಜಿನ್ನಿನ ಒಳಗೆ ಮೋಟರು ಎಲ್ಲೂ ಮೈಗೆ ತಾಗದ ಹಾಗೆ ಟೇಪು ಸುತ್ತಿ ಚಿಪ್ ಬೆಸೆಯಬೇಕು. ಮೊದಲನೆಯದರಲ್ಲಿ ಒಂದು ಕಡೆ ತಾಗಿತ್ತು. ಒಂದು ಬೀಡಿಯಷ್ಟು ಹೊಗೆ ಬಂದು ಚಿಪ್ ಸತ್ತಿತು. ಹೊಗೆ ಎಂಜಿನ್ ಮತ್ತೆ ಬಂತಲ್ಲ ಎಂದು ತಾತ ಸಂತೋಷಪಟ್ಟರು. ಮೂರರಲ್ಲಿ ಎರಡು ಚಿಪ್ ಉಳಿದವು, ಎಂಜಿನ್ನು ಇದ್ದದ್ದೂ ಎರಡೇ. ಪ್ಯಾಸೆಂಜರಿಗೆ ಒಂದು, ಗೂಡ್ಸಿಗೆ ಎರಡು ಎಂದು ನಂಬರು ಕೊಟ್ಟೆ.

ಜೂನ್ ಇಪ್ಪತ್ತು, ಭಾನುವಾರ, ಹೊಸ ಪದ್ಧತಿಯ ಮೊದಲ ದಿನ. ಬಾಣಾವರದ ತಾತ ಎಂದಿನ ಬಸ್ಸಿಗೇ ಬಂದರು. ನೋಡಲು ಬಂದೆ ಎಂದರು. ಅಮ್ಮ ಅವರಿಗೆ ಕಾಫಿಯನ್ನು ಅಭ್ಯಾಸದಂತೆ ಒಳಗಿನ ಕೋಣೆಗೇ ಒಯ್ದರು, ಕಾಫಿ ಇದ್ದ ಕಡೆ ಅವರೂ ಹೋಗಿ ಅದೇ ಕುರ್ಚಿಯಲ್ಲಿ ಕೂತರು. ನಾನು ಹಜಾರದಲ್ಲಿ ಹ್ಯಾಂಡ್‌ಸೆಟ್ ಹಿಡಿದು ಕೂತೆ. ಪಕ್ಕದಲ್ಲಿ ತಾತ, ಕೈಗೆ ಏನೂ ಕೆಲಸವಿಲ್ಲದೆ, ತಮ್ಮ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು.

ಮೊದಲು ಎರಡು ಒತ್ತಿ, ಬಾಣಾವರದಲ್ಲಿ ನಿಂತಿದ್ದ ಗೂಡ್ಸನ್ನು ಸ್ವಲ್ಪ ಮುಂದಕ್ಕೆ ಸರಿಸಿದೆ. ನಂತರ ಒಂದು ಒತ್ತಿ, ಅರಸೀಕೆರೆಯಿಂದ ಪ್ಯಾಸೆಂಜರ್ ಬಿಟ್ಟೆ. ಯಾರನ್ನೂ ಕೇಳಬೇಕಾಗಿರಲಿಲ್ಲ. ಗಂಟೆಯಿಲ್ಲ, ಟಾರ್ಚಿಲ್ಲ, ನಂಬರಿಲ್ಲ. ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಹೊರಡಬೇಕಾದ ಗಾಡಿ ನಾಲ್ಕು ಹನ್ನೆರಡಕ್ಕೇ ಹೊರಟಿತು. "ತಡ ಸೊನ್ನೆ" ಎಂದು ತಾತನಿಗೆ ಹೇಳಿದೆ. ಆ ಮಾತು ಮುಗಿಯುವಷ್ಟರಲ್ಲಿ ಗೋಡೆಯೊಳಗೆ ಒಂದು ಸದ್ದಾಯಿತು.

ಹಳೆಯ ಪದ್ಧತಿಯಲ್ಲಿ ಸ್ವಿಚ್ಚು ಬಿಟ್ಟರೆ ಗಾಡಿ ನಿಲ್ಲುತ್ತದೆ. ಡಿಜಿಟಲ್ ಪದ್ಧತಿಯಲ್ಲಿ ಹಾಗಲ್ಲ. ಕೊನೆಗೆ ಕೊಟ್ಟ ಆಜ್ಞೆಯನ್ನು ಎಂಜಿನ್ ಪಾಲಿಸುತ್ತಲೇ ಇರುತ್ತದೆ, ನೀವು ಬೇರೆ ಎಂಜಿನ್ನಿನ ಕಡೆ ತಿರುಗಿದರೂ ಸರಿ, ಕಾಫಿ ಕುಡಿಯಲು ಹೋದರೂ ಸರಿ. ನಿಲ್ಲು ಎಂದು ಹೇಳಬೇಕು. ಹನ್ನೆರಡು ವರ್ಷದಿಂದ ಯಾರೂ ನಿಲ್ಲು ಎಂದು ಹೇಳದ ಇಬ್ಬರು ಮಾಸ್ಟರುಗಳ ಮಧ್ಯೆ ಬೆಳೆದವಳಿಗೆ ಇದು ಹೊಳೆಯಬೇಕಿತ್ತು. ಗೂಡ್ಸಿಗೆ ನಾನು ನಿಲ್ಲು ಎಂದಿರಲಿಲ್ಲ. ಅದು ಬಾಣಾವರವನ್ನು ಬಿಟ್ಟು, ಮೆಲ್ಲಗೆ ತೆವಳುತ್ತ ತೂತಿನೊಳಗೆ ನುಗ್ಗಿತ್ತು. ಎರಡೂ ಗಾಡಿ ಗೋಡೆಯ ಸರಿಯಾಗಿ ನಡುವೆ ಮುಖಾಮುಖಿಯಾಗಿದ್ದವು.

ಜೇಡರ ಬಲೆ ತೆಗೆಯುವ ಕೋಲಿನಿಂದ ಹೊರಗೆ ತೆಗೆದೆವು. ಪ್ಯಾಸೆಂಜರಿನ ಮುಂಗಡೆಯ ಕೊಂಡಿ ಮುರಿದಿತ್ತು. ಹಳಿ ತಪ್ಪಿದ ಬೋಗಿ ಎರಡು, ವ್ಯಾಗನ್ ನಾಲ್ಕು. ಗೋಡೆಯೊಳಗೆ ಉಳಿದುಹೋದ ಕೊಬ್ಬರಿ, ಬೆಲ್ಲಕ್ಕೆ ಆರು ದಿನ ಇರುವೆ ಬಂತು.

ಒಳಗಿನ ಕೋಣೆಗೆ ಹೋಗಿ ನೋಡಿದರೆ ಬಾಣಾವರದ ತಾತ ಕೂತೇ ಇದ್ದರು. ಮುಂದೆ ರಿಜಿಸ್ಟರು ತೆರೆದಿತ್ತು. 'ಗಂಟೆ ೪-೧೧. ಗೂಡ್ಸ್ ಹೊರಟಿತು. ಯಾರು ಕಳಿಸಿದರೋ ತಿಳಿಯದು. ಸ್ಟೇಷನ್ ಮುಚ್ಚಿದೆ.' ಮಸಿ ಒಣಗಿತ್ತು.

ಅಪಘಾತವಾದರೆ ವಿಚಾರಣೆ ಆಗಬೇಕು. ಬುಧವಾರ ಆಯಿತು. ಅಧ್ಯಕ್ಷರು ತಾತ. ಫೂಲ್‌ಸ್ಕ್ಯಾಪ್ ಹಾಳೆಯನ್ನು ಎಡಕ್ಕೆ ಮಡಚಿ ಅಂಚು ಬಿಟ್ಟು ನಾನೇ ಹೇಳಿಕೆಗಳನ್ನು ಬರೆದುಕೊಂಡೆ. ನಾನೇ ಆರೋಪಿಯಾದರೂ ಅಕ್ಷರ ಚೆನ್ನಾಗಿರುವುದು ನನ್ನದೇ. ನನಗೂ ಅಂದು 'ನೀವು'.

"ಗೂಡ್ಸ್ ಹೊರಟದ್ದು ತಾವು ನೋಡಿದ್ರಾ?" ಎಂದು ತಾತ ಬಾಣಾವರದ ತಾತನನ್ನು ಕೇಳಿದರು.

"ನೋಡ್ದೆ."

"ಎಷ್ಟು ಹೊತ್ತು?"

"ನಲವತ್ತು ಸೆಕೆಂಡು. ವಾಚ್ ಹಿಡ್ಕಂಡೇ ನೋಡ್ದೆ."

"ಕೂಗಬಹುದಿತ್ತಲ್ಲ ಮಾಸ್ಟರೇ."

"ಯಾರಾಗಿ ಕೂಗ್ಲಿ? ಸ್ಟೇಷನ್ ಮುಚ್ಚೈತೆ ಅಂತ ಬರೆದು ಕೊಟ್ಟೋರು ತಾವು. ನಾನು ಅಲ್ಲಿ ಪಬ್ಲಿಕ್ಕು. ಪಬ್ಲಿಕ್ಕು ಕೂಗಿದ್ರೆ ಯಾವ ಗಾಡಿ ನಿಂತೈತೆ?"

"ಕೈಯಲ್ಲಿ ಎತ್ತಬಹುದಿತ್ತು."

"ಸರ್ವೀಸಿನಾಗೆ ನಾನು ಒಂದು ಗಾಡೀನೂ ಕೈಲಿ ಎತ್ತಿಲ್ಲ."

ತಾತ ಪೆನ್ನು ಕೆಳಗಿಟ್ಟರು. ವಿಚಾರಣೆಯಲ್ಲಿ ಅದು ಮಾಡಬಾರದ ಕೆಲಸ. "ಲೇ, ನಿಜ ಹೇಳು" ಎಂದರು. "ಬೇಕೂಂತಲೇ ಬಿಟ್ಟೆಯಾ?"

ಬಾಣಾವರದ ತಾತ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಬಾಯಿ ತೆಗೆದಿದ್ದೆ ಕಣಯ್ಯ. ಏನಂತ ಕೂಗೋದು ಅಂತ ಗೊತ್ತಾಗ್ಲಿಲ್ಲ. ಯಾವತ್ತಾದ್ರೂ ಗಂಟೆ ಹೊಡೀದೆ ಮಾತಾಡಿದ್ದೀನಾ ನಿನ್ನ ಜೊತೆ, ಡ್ಯೂಟೀಲಿ?"

ಇದನ್ನು ಬರೆದುಕೊಳ್ಳಲೇ ಎಂದು ತಾತನ ಮುಖ ನೋಡಿದೆ. ಬೇಡ ಎಂದು ಕೈ ಮಾಡಿದರು. ಬಾಗಿಲಲ್ಲಿ ನಿಂತಿದ್ದ ಅಮ್ಮ, "ಇಬ್ಬರೂ ಸೇರಿ ಅವಳನ್ನ ಸಸ್ಪೆಂಡ್ ಮಾಡಬೇಡಿ, ಸೋಮವಾರ ಟೆಸ್ಟ್ ಇದೆ" ಎಂದರು.

ವರದಿ ಒಂದೂವರೆ ಪುಟ. ಹೊಣೆ ಪೂರ್ತಿ ನನ್ನದು: ಎದುರಿನ ಸ್ಟೇಷನ್ನನ್ನು ಕೇಳದೆ ಗಾಡಿ ಬಿಟ್ಟದ್ದು. ಎದುರಿಗೆ ಸ್ಟೇಷನ್ನೇ ಇರಲಿಲ್ಲವಲ್ಲ ಎಂದು ನಾನು ವಾದಿಸಿದೆ. ಅದೇ ಅಪಘಾತದ ಮೂಲ ಕಾರಣ ಎಂದು ತಾತ ಬರೆಸಿದರು. ಡಿಜಿಟಲ್ ಪದ್ಧತಿ ಮುಂದುವರಿಯತಕ್ಕದ್ದು. ಕಿತ್ತ ತಂತಿಯನ್ನು ಮತ್ತೆ ಎಳೆಯಲು ಯಾರಿಗೂ ಶಕ್ತಿ ಇರಲಿಲ್ಲ. ಆದರೆ ಹ್ಯಾಂಡ್‌ಸೆಟ್ಟನ್ನು ಯಾರೊಬ್ಬರ ಕೈಯಲ್ಲೂ ಬಿಡತಕ್ಕದ್ದಲ್ಲ.

ತೂತಿನ ಪಕ್ಕದ ಮೊಳೆಯಲ್ಲಿ ಒಂದು ದೊಡ್ಡ ಬೆತ್ತದ ಬಳೆ ಎಷ್ಟೋ ವರ್ಷದಿಂದ ನೇತಾಡುತ್ತಿತ್ತು. ಮೀಟರ್ ಗೇಜ್ ಕಾಲದಲ್ಲಿ ಒಂಟಿ ಹಳಿಯ ಮೇಲೆ ಹೋಗುವ ಡ್ರೈವರನಿಗೆ ಅಪ್ಪಣೆಯ ಗುರುತಾಗಿ ಇಂಥ ಬಳೆಗೆ ಟೋಕನ್ ಕಟ್ಟಿ ಕೊಡುತ್ತಿದ್ದರು. ಅದು ಕೈಗೆ ಬರದೆ ಗಾಡಿ ಕದಲುವಂತಿಲ್ಲ. ತಾತ ಆ ಬಳೆಯನ್ನು ಇಳಿಸಿ, ಧೂಳು ಒರೆಸಿ, ಹ್ಯಾಂಡ್‌ಸೆಟ್ಟನ್ನು ಅದಕ್ಕೆ ಟ್ವೈನ್ ದಾರದಲ್ಲಿ ಬಿಗಿದರು. ಒಂದು ಸಾಕೆಟ್ಟು ಅರಸೀಕೆರೆಯಲ್ಲಿ, ಇನ್ನೊಂದು ಬಾಣಾವರದಲ್ಲಿ. ಬಾಣಾವರ ನಂಬರು ಕೊಟ್ಟ ಮೇಲೆ ಅರಸೀಕೆರೆ ಗಾಡಿ ಬಿಡಬೇಕು. ಗಾಡಿ ತೂತು ಹೊಕ್ಕ ಕೂಡಲೇ ಹ್ಯಾಂಡ್‌ಸೆಟ್ ಕಿತ್ತು, ಅಡುಗೆಮನೆಯ ಮೂಲಕ ಸುತ್ತಿ ಓಡಿ, ಬಾಣಾವರದ ಮಾಸ್ಟರಿಗೆ ಒಪ್ಪಿಸಬೇಕು. ಓಡುವ ಹುದ್ದೆಗೆ ನನ್ನನ್ನು ಇಳಿಸಲಾಯಿತು.

ಅಷ್ಟು ಹೊತ್ತೂ ಗಾಡಿ ಕೊನೆಯ ಆಜ್ಞೆಯಂತೆ ಚಲಿಸುತ್ತಲೇ ಇರುತ್ತದೆ. ತೂತಿನಿಂದ ಬಾಣಾವರದ ಮೇಜಿನ ಅಂಚಿಗೆ ಇಪ್ಪತ್ತೆರಡು ಸೆಕೆಂಡು. ನನಗೆ ಅಡುಗೆಮನೆ ಸುತ್ತಿ ಬರಲು ಹನ್ನೊಂದು, ಅಮ್ಮ ದೋಸೆ ಹುಯ್ಯುತ್ತಿದ್ದರೆ ಹದಿನಾರು. ಒಬ್ಬನೇ ಕೂತು ಎಲ್ಲ ಗಾಡಿ ಓಡಿಸಲಿ ಎಂದು ಜಗತ್ತಿನಲ್ಲಿ ಯಾರೋ ಕಂಡುಹಿಡಿದ ಯಂತ್ರಕ್ಕೆ ನಮ್ಮ ಮನೆಯಲ್ಲಿ ಈಗ ಮೂರು ಜನ ಬೇಕಾದರು.

ಜೂನ್ ಇಪ್ಪತ್ತೇಳರಿಂದ ಆಗಸ್ಟ್ ಮೊದಲ ವಾರದವರೆಗೆ ಹನ್ನೆರಡು ದಿನದ ಲೆಕ್ಕ ತೆಗೆದೆ. ಸರಾಸರಿ ತಡ ಐವತ್ತೆಂಟು ನಿಮಿಷ. ತಾತನ ಮುಂದಿಟ್ಟೆ. ಅವರು ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದರು. 'ಲೈನ್ ಕ್ಲಿಯರ್ ಸಿಗದ ಕಾರಣ' ಎಂದು ವಿವರಣೆ ಬರೆದು, ಸಹಿ ಹಾಕಿ, ವಾಪಸು ಕೊಟ್ಟರು. ನಾಲ್ಕು ಪದ, ಒಂದು ಸಹಿ. ಐವತ್ತೆಂಟು ನಿಮಿಷ ತೀರಿತು.

ಒಂದು ಸಣ್ಣ ತೊಡಕು ಉಳಿದಿತ್ತು. ಜೂನ್ ಎರಡರ ಆದೇಶವನ್ನು ಯಾರೂ ರದ್ದು ಮಾಡಿರಲಿಲ್ಲ. ಕಾಗದದ ಪ್ರಕಾರ ಬಾಣಾವರ ಇನ್ನೂ ಮುಚ್ಚಿತ್ತು. ಮುಚ್ಚಿದ ಸ್ಟೇಷನ್ನಿನಿಂದ ವಾರಕ್ಕೆರಡು ದಿನ ಲೈನ್ ಕ್ಲಿಯರ್ ಬರುತ್ತಿರುವುದು ನನ್ನ ಡೈರಿಗೆ ಸರಿಬರಲಿಲ್ಲ. ಒಂದು ಬುಧವಾರ ಬಳೆ ಹಿಡಿದು ಓಡಿಬಂದವಳು ಏದುಸಿರು ಬಿಡುತ್ತ ಬಾಣಾವರದ ತಾತನಿಗೆ ಹೇಳಿದೆ, ರದ್ದು ಮಾಡುವ ಆದೇಶ ಬರೆದು ತಂದಿದ್ದೇನೆ, ತಾತನ ರುಜು ಒಂದು ಬಾಕಿ ಎಂದು.

ಅವರು ಹ್ಯಾಂಡ್‌ಸೆಟ್ ಚುಚ್ಚಿ, ಗಾಡಿಯನ್ನು ಮೇಜಿನ ಅಂಚಿಗೆ ನಾಲ್ಕು ಬೆರಳು ಇರುವಾಗ ನಿಲ್ಲಿಸಿದರು. ಕೊಬ್ಬರಿ ಚೂರು ಒಂದನ್ನು ಇಳಿಸಿಕೊಂಡು ಬಾಯಿಗೆ ಹಾಕಿಕೊಂಡರು.

"ಬ್ಯಾಡ ಬಿಡವ್ವ. ಅದು ಹಂಗೇ ಇರ್ಲಿ" ಎಂದರು. "ಬಾಗಿಲು ತೆಗೆದಿರೋ ಸ್ಟೇಷನ್ನಾದ್ರೆ ಯಾವತ್ತಾದ್ರೂ ಮುಚ್ತಾರೆ. ಮುಚ್ಚಿರೋದನ್ನ ಇನ್ನೊಂದು ಸಲ ಮುಚ್ಚಕ್ಕಾಯ್ತದಾ?"

ಹಜಾರದಿಂದ ಗಂಟೆ ಕೇಳಿಸಿತು. ಅವರು ಎದ್ದು, ಬಗ್ಗಿ, ಖಾಲಿಯಿದ್ದ ತೂತಿನೊಳಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ನಾನು ವಾಚು ನೋಡಿಕೊಂಡೆ.